ಸಂಬಳ ಸಾಲದು, ಆಡಲಾರೆ: ಹಾಕಿ ಆಟಗಾರರ ಕರಾರು ಜಗಳದ ಕಥೆ

ಹಾಕಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬಯಲು, ಹನ್ನೊಂದು ಜನ ಆಟಗಾರರು, ಧ್ಯಾನಚಂದ್. ಕಾಸರಗೋಡು, ವಯನಾಡಿನ ಕಡೆಯವರಿಗೆ ಪಕ್ಕದ ಕೊಡಗಿನಲ್ಲಿ 1997ರಲ್ಲಿ ಶುರುವಾದ ಕೊಡವ ಮನೆತನಗಳ ಹಾಕಿ ಹಬ್ಬವೂ ನೆನಪಾದೀತು. ಆದರೆ ಕೆನಡಾ, ಅಮೆರಿಕದಲ್ಲಿ ಹಾಕಿ ಎಂದರೆ ಐಸ್ ಹಾಕಿ. ಮಂಜುಗಡ್ಡೆಯ ಅಂಕಣ, ಕಾಲಿಗೆ ಸ್ಕೇಟ್, ಕೈಯಲ್ಲಿ ಉದ್ದನೆಯ ಕೋಲು, ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ. ಗೋಲಿ ಸೇರಿ ಒಂದು ಕಡೆಗೆ ಆರು ಜನ.

ಅಲ್ಲಿನ ದೊಡ್ಡ ಲೀಗ್‌ನ ಹೆಸರು ನ್ಯಾಷನಲ್ ಹಾಕಿ ಲೀಗ್. ಎನ್‌ಎಚ್‌ಎಲ್ ಎಂದೇ ಎಲ್ಲರೂ ಕರೆಯುವುದು. 1917ರಲ್ಲಿ ಹುಟ್ಟಿದ ಈ ಲೀಗ್‌ನಲ್ಲಿ ಈಗ 32 ತಂಡಗಳಿವೆ. ಅಕ್ಟೋಬರ್‌ನಲ್ಲಿ ಶುರುವಾದ ಸೀಸನ್ ಮುಗಿಯುವುದು ಜೂನ್‌ಗೆ. ಟಿಕೆಟ್, ಟಿವಿ ಹಕ್ಕು, ಜಾಹೀರಾತು ಎಲ್ಲ ಸೇರಿ ಕೋಟಿಗಟ್ಟಲೆ ಡಾಲರ್ ವಹಿವಾಟು.

ಇಷ್ಟು ದುಡ್ಡು ಇರುವಲ್ಲಿ ಪಾಲಿನ ಜಗಳ ಇರದೇ ಇರುತ್ತದೆಯೇ? ಹೆಚ್ಚು ಕಡಿಮೆ ಪ್ರತಿವರ್ಷ ಸೀಸನ್ ಶುರುವಾಗುವ ಹೊತ್ತಿಗೆ ಯಾರಾದರೊಬ್ಬ ಆಟಗಾರ 'ಈ ಸಂಬಳಕ್ಕೆ ಆಡಲಾರೆ' ಎಂದು ಮನೆಯಲ್ಲೇ ಕೂತುಬಿಡುತ್ತಾನೆ. ಇದಕ್ಕೆ ಅಲ್ಲಿ 'ಹೋಲ್ಡ್‌ಔಟ್' ಎನ್ನುತ್ತಾರೆ. ಕೋಟಿ ಸಂಬಳದವರು ಇನ್ನೂ ಬೇಕು ಎನ್ನುವುದು ಕೇಳುವವರಿಗೆ ದುರಾಸೆಯಂತೆ ಕಾಣುತ್ತದೆ. ಆದರೆ ನೂರು ವರ್ಷದ ಇತಿಹಾಸ ನೋಡಿದರೆ ವಿಷಯ ಅಷ್ಟು ಸರಳವಲ್ಲ. ಕೂಲಿ ಚೌಕಾಶಿ ಮಾಡಿ ಬಲ್ಲ ನಮ್ಮಂಥವರಿಗೂ ಇದರಲ್ಲಿ ತಿಳಿಯುವ ಸಂಗತಿಗಳಿವೆ.

ಎರಡು ಬಗೆಯ ಹಟ

ಮೊದಲು ಒಂದು ವ್ಯತ್ಯಾಸ ಗಮನಿಸಬೇಕು. ಕರಾರಿಗೆ ಸಹಿ ಹಾಕಿ, ಅದರ ಅವಧಿ ಇನ್ನೂ ಬಾಕಿ ಇರುವಾಗ 'ಹೆಚ್ಚು ಕೊಡಿ, ಇಲ್ಲದಿದ್ದರೆ ಬರುವುದಿಲ್ಲ' ಎನ್ನುವುದು ಒಂದು ಬಗೆ. ಹಳೆಯ ಕರಾರು ಮುಗಿದಿದೆ, ಹೊಸದಕ್ಕೆ ದರ ಕುದುರಿಲ್ಲ, ಅದಕ್ಕೇ ಆಡುತ್ತಿಲ್ಲ ಎನ್ನುವುದು ಇನ್ನೊಂದು ಬಗೆ. ಪತ್ರಿಕೆಗಳು ಎರಡನ್ನೂ ಹೋಲ್ಡ್‌ಔಟ್ ಎಂದೇ ಬರೆಯುತ್ತವೆ. ನ್ಯಾಯದ ದೃಷ್ಟಿಯಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. ಮೊದಲನೆಯದು ಕೊಟ್ಟ ಮಾತಿಗೆ ತಪ್ಪುವುದು. ಎರಡನೆಯದು ಇನ್ನೂ ಮಾತನ್ನೇ ಕೊಡದಿರುವುದು.

ಕರಾರು ಮುಗಿದ ಮೇಲೆ ಬೇರೆ ತಂಡಕ್ಕೆ ಹೋಗಬಹುದಲ್ಲ ಎಂದು ಯಾರಾದರೂ ಕೇಳಬಹುದು. ತೊಡಕು ಇರುವುದೇ ಅಲ್ಲಿ. ಕರಾರು ಮುಗಿದರೂ ಆಟಗಾರನ ಮೇಲಿನ ಹಕ್ಕು ತಂಡದ ಬಳಿಯೇ ಉಳಿಯುವ ನಿಯಮ ಈ ಆಟದಲ್ಲಿ ಮೊದಲಿನಿಂದಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಹಾಗಾಗಿ ಆಟಗಾರನ ಕೈಯಲ್ಲಿ ಉಳಿಯುವ ಅಸ್ತ್ರ ಒಂದೇ, ಆಡದೆ ಕೂರುವುದು. ಆ ಅಸ್ತ್ರಕ್ಕೆ ಯಾವ ಕಾಲದಲ್ಲಿ ಎಷ್ಟು ಬೆಲೆ ಇತ್ತು ಎಂಬುದೇ ಈ ಕಥೆ.

ಇನ್ನೂರು ಡಾಲರಿಗೆ ಹೋದ ತಂಡ

1925. ಕೆನಡಾದ ಹ್ಯಾಮಿಲ್ಟನ್ ಊರಿನ ತಂಡದ ಹೆಸರು ಟೈಗರ್ಸ್. ಅದಕ್ಕೆ ಹಿಂದಿನ ವರ್ಷಗಳಲ್ಲಿ ಸದಾ ಕೊನೆಯ ಸ್ಥಾನದಲ್ಲಿರುತ್ತಿದ್ದ ತಂಡ ಆ ಸಲ ಲೀಗ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು. ಊರೆಲ್ಲ ಸಂಭ್ರಮ. ಉಳಿದದ್ದು ಪ್ರಶಸ್ತಿ ಪಂದ್ಯಗಳು ಮಾತ್ರ.

ಆಗ ಆಟಗಾರರು ಒಂದು ಪ್ರಶ್ನೆ ಎತ್ತಿದರು. ಹಿಂದಿನ ಸೀಸನ್‌ನಲ್ಲಿ 24 ಪಂದ್ಯಗಳಿದ್ದವು. ಈ ಸಲ ಲೀಗ್ ಅದನ್ನು 30ಕ್ಕೆ ಏರಿಸಿತು. ಸಂಬಳ ಮಾತ್ರ ಏರಲಿಲ್ಲ. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಕೂಲಿ ಬೇಡವೇ? ತಲೆಗೆ 200 ಡಾಲರ್ ಕೊಡಿ, ಇಲ್ಲದಿದ್ದರೆ ಪ್ರಶಸ್ತಿ ಪಂದ್ಯ ಆಡುವುದಿಲ್ಲ ಎಂದು ನಾಯಕ ಶಾರ್ಟಿ ಗ್ರೀನ್ ಎಲ್ಲರ ಪರವಾಗಿ ಹೇಳಿದರು.

ಲೀಗ್ ಅಧ್ಯಕ್ಷ ಫ್ರ್ಯಾಂಕ್ ಕಾಲ್ಡರ್ ಜಗ್ಗಲಿಲ್ಲ. ಆಟಗಾರರನ್ನೆಲ್ಲ ಅಮಾನತು ಮಾಡಿದರು. ತಲೆಗೆ ದಂಡ ಎಷ್ಟು ಗೊತ್ತೇ? ಅದೇ 200 ಡಾಲರ್! ಹ್ಯಾಮಿಲ್ಟನ್ ಇಲ್ಲದೆಯೇ ಮಾಂಟ್ರಿಯಲ್ ತಂಡವನ್ನು ಚಾಂಪಿಯನ್ ಎಂದು ಘೋಷಿಸಲಾಯಿತು. ಮುಂದೆ ತಂಡದ ಆಟಗಾರರನ್ನು ನ್ಯೂಯಾರ್ಕ್‌ನಲ್ಲಿ ಕಳ್ಳಸಾರಾಯಿ ವ್ಯಾಪಾರಕ್ಕೆ ಹೆಸರಾಗಿದ್ದ ಬಿಲ್ ಡ್ವಯರ್ ಎಂಬವರಿಗೆ 75,000 ಡಾಲರಿಗೆ ಮಾರಲಾಯಿತು. ದಂಡ ಕಟ್ಟಿ ಕ್ಷಮೆ ಕೇಳಿದ ಮೇಲೆ ಆಟಗಾರರು ನ್ಯೂಯಾರ್ಕ್ ಅಮೆರಿಕನ್ಸ್ ಎಂಬ ಹೊಸ ಹೆಸರಿನಲ್ಲಿ ಆಡಿದರು. ಹ್ಯಾಮಿಲ್ಟನ್‌ಗೆ ಅಂದು ಹೋದ ಎನ್‌ಎಚ್‌ಎಲ್ ತಂಡ ಇವತ್ತಿನವರೆಗೂ ವಾಪಸ್ ಬಂದಿಲ್ಲ.

ಇಲ್ಲಿ ಆಟಗಾರರೆಲ್ಲ ಒಗ್ಗಟ್ಟಾಗಿಯೇ ಇದ್ದರು. ಆದರೆ ಒಂದು ತಂಡದ ಒಗ್ಗಟ್ಟು ಸಾಲಲಿಲ್ಲ. ಉಳಿದ ತಂಡಗಳು ಆಡಲು ಸಿದ್ಧವಿದ್ದವು. ಸೋಲಿಗೆ ಅಷ್ಟೇ ಸಾಕಾಯಿತು.

ಒಡೆಯನ ಮನೆಯ ಕರಾರು

ಜತ್ತ, ಸೋಲಾಪುರದ ಕಡೆ ಕಬ್ಬು ಕಡಿಯಲು ಹೋಗುವವರು ಮುಕಾದಮನ ಹತ್ತಿರ ಉಚಲ್ ತೆಗೆದುಕೊಳ್ಳುವುದು ಎಲ್ಲರಿಗೂ ಗೊತ್ತು. ಆ ಮುಂಗಡ ತೀರುವ ತನಕ ಬೇರೆ ಟೋಳಿಗೆ ಹೋಗುವಂತಿಲ್ಲ. ಆಗಿನ ಹಾಕಿ ಕರಾರಿನಲ್ಲಿ ಸಾಲವೂ ಇರಲಿಲ್ಲ, ಮುಂಗಡವೂ ಇರಲಿಲ್ಲ. ಆದರೂ ಆಟಗಾರ ಬಿಡಿಸಿಕೊಂಡು ಹೋಗುವಂತಿರಲಿಲ್ಲ. ಪ್ರತಿವರ್ಷ ಕರಾರನ್ನು ತಾನೇ ಮುಂದುವರಿಸಿಕೊಳ್ಳುವ ಹಕ್ಕು ತಂಡಕ್ಕಿತ್ತು. 'ರಿಸರ್ವ್ ಕ್ಲಾಸ್' ಎಂದು ಅದರ ಹೆಸರು. ಒಮ್ಮೆ ಸಹಿ ಹಾಕಿದರೆ ತಂಡ ಬಿಡುವ ತನಕ, ಇಲ್ಲವೇ ಮಾರುವ ತನಕ, ಆಟಗಾರ ಅವರ ಸೊತ್ತು.

1942ರಿಂದ 1967ರವರೆಗೆ ಲೀಗ್‌ನಲ್ಲಿ ಇದ್ದದ್ದು ಆರೇ ತಂಡ. ಕೆಲಸ ಕೆಲವೇ ಜನಕ್ಕೆ, ಕಾಯುತ್ತಿದ್ದವರು ಸಾವಿರಾರು. 'ನಿನಗೆ ಬೇಡವಾದರೆ ಇನ್ನೊಬ್ಬ ಇದ್ದಾನೆ' ಎಂದರೆ ಮಾತು ಮುಗಿಯಿತು.

ಈ ಬೇಲಿಯನ್ನು ಮುರಿಯಲು ಮೊದಲು ಕೈಹಾಕಿದವರು ಡೆಟ್ರಾಯ್ಟ್ ತಂಡದ ಟೆಡ್ ಲಿಂಡ್ಸೆ. 1957ರ ಫೆಬ್ರುವರಿಯಲ್ಲಿ ಅವರು ಮತ್ತು ಮಾಂಟ್ರಿಯಲ್‌ನ ಡಗ್ ಹಾರ್ವೆ ಮೊದಲಾದವರು ಸೇರಿ ಆಟಗಾರರ ಸಂಘ ಕಟ್ಟಿದರು. ಬೇಡಿಕೆ ಬಹಳ ದೊಡ್ಡದೇನೂ ಇರಲಿಲ್ಲ. ಪಿಂಚಣಿ ನಿಧಿಯ ಲೆಕ್ಕ ತೋರಿಸಿ, ಕನಿಷ್ಠ ಸಂಬಳ ಇಷ್ಟೆಂದು ಗೊತ್ತುಮಾಡಿ, ಟಿವಿಯಿಂದ ಬರುವ ಹಣದಲ್ಲಿ ನಮಗೂ ಪಾಲಿರಲಿ ಎಂದಷ್ಟೇ.

ಆ ಸೀಸನ್‌ನಲ್ಲಿ ಲಿಂಡ್ಸೆ 85 ಅಂಕ ಗಳಿಸಿದ್ದರು. ಅದು ಅವರ ಬದುಕಿನ ಅತ್ಯುತ್ತಮ ಸೀಸನ್. ಹಾಗಿದ್ದರೂ ಜುಲೈನಲ್ಲಿ ಅವರನ್ನು ಆಗ ತಳದಲ್ಲಿದ್ದ ಶಿಕಾಗೊ ತಂಡಕ್ಕೆ ಸಾಗಹಾಕಲಾಯಿತು. ಎರಡೂ ತಂಡಗಳಲ್ಲಿ ನಾರಿಸ್ ಎಂಬ ಒಂದೇ ಕುಟುಂಬದ ಹಣ ಇತ್ತು. ಡೆಟ್ರಾಯ್ಟ್ ಆಟಗಾರರು ಅದೇ ವರ್ಷದ ಕೊನೆಗೆ ಸಂಘದಿಂದ ಹೊರಬಂದರು. 1958ರ ಆರಂಭದಲ್ಲಿ ಕೆಲವು ಸಣ್ಣಪುಟ್ಟ ಸೌಲಭ್ಯಗಳಿಗೆ ಒಪ್ಪಿಕೊಂಡು ಸಂಘವೇ ಮುಚ್ಚಿಹೋಯಿತು.

ಸಂಘ ಮತ್ತೆ ಹುಟ್ಟಿದ್ದು 1967ರಲ್ಲಿ. ಈಗ ವರ್ಷದ ಅತ್ಯುತ್ತಮ ಆಟಗಾರ ಯಾರೆಂದು ಆಟಗಾರರೇ ಮತ ಹಾಕಿ ಕೊಡುವ ಪ್ರಶಸ್ತಿಗೆ 2010ರಿಂದ ಟೆಡ್ ಲಿಂಡ್ಸೆ ಪ್ರಶಸ್ತಿ ಎಂದೇ ಹೆಸರು.

ಪಕ್ಕದವನ ಪಗಾರ ಎಷ್ಟು?

ಗೋರ್ಡಿ ಹೋವ್ ಎಂದರೆ ಕೆನಡಾದಲ್ಲಿ ನಮ್ಮ ಧ್ಯಾನಚಂದ್ ಇದ್ದ ಹಾಗೆ. ಡೆಟ್ರಾಯ್ಟ್‌ಗೆ ಎರಡು ದಶಕಕ್ಕೂ ಹೆಚ್ಚು ಕಾಲ ಆಡಿದ ಈ ಮಹಾನ್ ಆಟಗಾರ ಸಂಬಳದ ವಿಷಯದಲ್ಲಿ ಬಹಳ ಸಂಕೋಚದ ಮನುಷ್ಯ. ತಂಡದಲ್ಲಿ ನನಗೇ ಎಲ್ಲರಿಗಿಂತ ಹೆಚ್ಚು ಕೊಡುತ್ತಾರೆ ಎಂದು ನಂಬಿಕೊಂಡಿದ್ದರು. ಆಗ ಯಾರ ಸಂಬಳವೂ ಯಾರಿಗೂ ತಿಳಿಯುತ್ತಿರಲಿಲ್ಲ. ಕೇಳುವುದೂ ಮರ್ಯಾದೆಯಲ್ಲ ಎಂಬ ಭಾವನೆ.

1968ರಲ್ಲಿ ಬಾಬ್ ಬಾನ್ ಎಂಬ ಆಟಗಾರ ಡೆಟ್ರಾಯ್ಟ್‌ಗೆ ಬಂದರು. ಮಾತಿಗೆ ಮಾತು ಬಂದು ತಮ್ಮ ಸಂಬಳ ಹೇಳಿದರು. ಹೋವ್ ಪಡೆಯುತ್ತಿದ್ದದ್ದು ಸುಮಾರು 45,000 ಡಾಲರ್. ಅವರಿಗೆ ಹೋಲಿಸಿದರೆ ಸಾಮಾನ್ಯ ಆಟಗಾರರಾದ ಬಾನ್ ಅದಕ್ಕಿಂತ ಹೆಚ್ಚು ಪಡೆಯುತ್ತಿದ್ದರು! ಹೋವ್ ಹೋಗಿ ಮಾಲೀಕರನ್ನು ಕೇಳಿದರು. ಒಂದು ಲಕ್ಷ ಡಾಲರ್ ಮಂಜೂರಾಯಿತು. ಅಷ್ಟು ವರ್ಷ ಕೊಡದೆ ಉಳಿಸಿಕೊಂಡದ್ದು ಎಷ್ಟು ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಈ ಗುಟ್ಟು ಪೂರ್ತಿ ಬಯಲಾದದ್ದು 1990ರ ಹೊತ್ತಿಗೆ. ಆಟಗಾರರ ಸಂಘವೇ ಎಲ್ಲರ ಸಂಬಳ ಬಹಿರಂಗಪಡಿಸಲು ತೀರ್ಮಾನಿಸಿತು. 'ಅವನಿಗೆ ಅಷ್ಟಾದರೆ ನನಗೆ ಇಷ್ಟೇಕೆ' ಎಂದು ಕೇಳಲು ಕೈಗೆ ಆಧಾರ ಸಿಕ್ಕಿತು. ಅಲ್ಲಿಂದ ಮುಂದೆ ಸಂಬಳಗಳು ಸರಸರನೆ ಏರಿದವು. ಮಧ್ಯೆ ಕಹಿಯೂ ಇತ್ತು. 1967ರಿಂದ ಸಂಘವನ್ನು ನಡೆಸಿದ್ದ ವಕೀಲ ಅಲನ್ ಈಗಲ್‌ಸನ್ 1998ರಲ್ಲಿ ವಂಚನೆಯ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಕಾಯಲು ಇಟ್ಟವನನ್ನೂ ಕಾಯಬೇಕು ಎಂಬ ಪಾಠ ಆಟಗಾರರಿಗೆ ತಡವಾಗಿ ಆಯಿತು.

ಎರಡನೇ ಅಂಗಡಿ ತೆರೆದಾಗ

ಸಂತೆಯಲ್ಲಿ ಕೊಳ್ಳುವವನು ಒಬ್ಬನೇ ಆದರೆ ಬೆಲೆ ಅವನು ಹೇಳಿದ್ದು. ಇನ್ನೊಬ್ಬ ಬಂದರೆ ಆಟವೇ ಬೇರೆ. 1972ರಲ್ಲಿ ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಎದುರಾಳಿ ಲೀಗ್ ಹುಟ್ಟಿತು. ಶಿಕಾಗೊ ತಂಡದ ದೊಡ್ಡ ತಾರೆ ಬಾಬಿ ಹಲ್ ಅವರಿಗೆ ವಿನ್ನಿಪೆಗ್ ತಂಡ ಹತ್ತು ವರ್ಷಕ್ಕೆ 27 ಲಕ್ಷ 50 ಸಾವಿರ ಡಾಲರ್ ಕೊಡಲು ಮುಂದಾಯಿತು. ಅದರಲ್ಲಿ 10 ಲಕ್ಷ ಸಹಿ ಹಾಕಿದಾಗಲೇ. ಒಬ್ಬ ಹೋದರೆ ಹೊಸ ಲೀಗ್‌ಗೇ ಬೆಲೆ ಬರುತ್ತದೆಂದು ಆ ಲೀಗ್‌ನ ಉಳಿದ ತಂಡಗಳೂ ಈ 10 ಲಕ್ಷಕ್ಕೆ ಕೈಜೋಡಿಸಿದವು.

ಎನ್‌ಎಚ್‌ಎಲ್ ರಿಸರ್ವ್ ಕ್ಲಾಸ್ ಹಿಡಿದು ಕೋರ್ಟಿಗೆ ಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಫಿಲಡೆಲ್ಫಿಯಾದ ನ್ಯಾಯಾಧೀಶ ಹಿಗಿನ್‌ಬಾಥಮ್, ಆಟಗಾರರನ್ನು ಹೀಗೆ ಕಟ್ಟಿಹಾಕುವುದು ಏಕಸ್ವಾಮ್ಯದ ಲಕ್ಷಣ ಎಂಬ ನಿಲುವು ತಳೆದು, ಅವರು ಹೊಸ ಲೀಗ್‌ನಲ್ಲಿ ಆಡುವುದನ್ನು ತಡೆಯದಂತೆ ಆದೇಶ ಕೊಟ್ಟರು. ದಶಕಗಳ ಬೇಲಿಗೆ ಮೊದಲ ಬಿರುಕು ಬಿದ್ದದ್ದು ಹೀಗೆ. ಹೊಸ ಲೀಗ್ ಏಳು ವರ್ಷ ನಡೆದು 1979ರಲ್ಲಿ ಮುಚ್ಚಿತು. ಅದರ ನಾಲ್ಕು ತಂಡಗಳು ಎನ್‌ಎಚ್‌ಎಲ್ ಸೇರಿದವು.

ಒಂದು ವರ್ಷ ಕೂತ ನಾಯಕ

ಕರಾರಿನ ಮಧ್ಯೆಯೇ ಹಟ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಅಲೆಕ್ಸಿ ಯಾಶಿನ್ ಪ್ರಕರಣವೇ ಸಾಕ್ಷಿ. ರಷ್ಯಾದ ಈ ಆಟಗಾರ ಕೆನಡಾದ ಒಟ್ಟಾವ ತಂಡದ ನಾಯಕ. 1998-99ರ ಸೀಸನ್‌ನಲ್ಲಿ 44 ಗೋಲು, ಒಟ್ಟು 94 ಅಂಕ. ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಎರಡನೇ ಸ್ಥಾನ.

ಅವರ ಕರಾರಿನಲ್ಲಿ ಇನ್ನೂ ಒಂದು ವರ್ಷ ಬಾಕಿ ಇತ್ತು, ಸಂಬಳ 36 ಲಕ್ಷ ಡಾಲರ್. ಇಷ್ಟು ಆಡಿದ ಮೇಲೆ ಅದು ಸಾಲದು, ಹೊಸ ಕರಾರು ಬೇಕು ಎಂದರು ಯಾಶಿನ್. ಬರೆದುಕೊಟ್ಟದ್ದು ಬರೆದುಕೊಟ್ಟದ್ದೇ ಎಂದಿತು ತಂಡ. ನಾಯಕತ್ವ ಕಿತ್ತು ಡೇನಿಯಲ್ ಆಲ್ಫ್ರೆಡ್‌ಸನ್‌ಗೆ ಕೊಟ್ಟಿತು. ಯಾಶಿನ್‌ರನ್ನು ಇಡೀ 1999-2000 ಸೀಸನ್‌ಗೆ ಅಮಾನತು ಮಾಡಿತು. ಸಿಟ್ಟಿಗೆದ್ದ ಟಿಕೆಟ್‌ದಾರನೊಬ್ಬ ಯಾಶಿನ್ ಮೇಲೆಯೇ ಕೇಸು ಹಾಕಿದ!

ವರ್ಷ ಕಳೆಯಿತು. ಕರಾರಿನ ವರ್ಷ ಮುಗಿದುಹೋಯಿತು, ಈಗ ನಾನು ಸ್ವತಂತ್ರ ಎಂಬುದು ಯಾಶಿನ್ ಕಡೆಯ ವಾದ. ಮಧ್ಯಸ್ಥಗಾರರ ಮುಂದೆ ಅದು ನಿಲ್ಲಲಿಲ್ಲ. ಕ್ಯಾಲೆಂಡರ್ ತಿರುಗಿದ ಮಾತ್ರಕ್ಕೆ ಕರಾರು ತೀರುವುದಿಲ್ಲ, ಆಡಿದರೆ ಮಾತ್ರ ತೀರುತ್ತದೆ, ತಂಡಕ್ಕೆ ನೀವು ಇನ್ನೂ ಒಂದು ವರ್ಷ ಬಾಕಿ ಇದ್ದೀರಿ ಎಂದು 2000ರಲ್ಲಿ ತೀರ್ಪು ಬಂತು. ಯಾಶಿನ್ ಮರಳಿ ಬಂದು ಅದೇ ಕರಾರಿನಲ್ಲಿ ಆಡಬೇಕಾಯಿತು.

ಕಥೆಗೆ ಬಾಲವೂ ಇದೆ. 2001ರಲ್ಲಿ ಒಟ್ಟಾವ ಅವರನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಕೊಟ್ಟು, ಬದಲಿಗೆ ಜ್ಡೆನೋ ಚಾರಾ, ಬಿಲ್ ಮುಕಾಲ್ಟ್ ಎಂಬ ಇಬ್ಬರು ಆಟಗಾರರನ್ನೂ ಹೊಸ ಹುಡುಗರ ಆಯ್ಕೆಯಲ್ಲಿ ಎರಡನೇ ಸರದಿಯನ್ನೂ ಪಡೆಯಿತು. ಆ ಸರದಿಯಲ್ಲಿ ಸಿಕ್ಕಿದ ಜೇಸನ್ ಸ್ಪೆಜಾ ಮುಂದೆ ಒಟ್ಟಾವದ ನಾಯಕರಾದರು. ಚಾರಾ ಲೀಗ್‌ನ ಅತಿ ಎತ್ತರದ, ಅತಿ ದೊಡ್ಡ ರಕ್ಷಣಾ ಆಟಗಾರರಲ್ಲಿ ಒಬ್ಬರಾದರು. ಐಲ್ಯಾಂಡರ್ಸ್ ತಂಡ ಯಾಶಿನ್‌ಗೆ ಹತ್ತು ವರ್ಷಕ್ಕೆ 8 ಕೋಟಿ 75 ಲಕ್ಷ ಡಾಲರ್ ಬರೆದುಕೊಟ್ಟಿತು. 2007ರಲ್ಲಿ ಸಾಕೆಂದು ಕರಾರು ಮುರಿದು ಕಳಿಸಿತು. ಪರಿಹಾರದ ಕಂತು 2015ರವರೆಗೆ ಕಟ್ಟುತ್ತಲೇ ಇತ್ತು. ಹಟ ಹಿಡಿದ ಆಟಗಾರನಿಗೆ ಮರ್ಯಾದೆ ಹೋದರೂ ದುಡ್ಡು ಬಂತು. ಮಣಿಯದ ಒಟ್ಟಾವ ತಂಡ ಒಳ್ಳೆಯ ಆಟಗಾರರನ್ನು ಗಳಿಸಿತು. ನಷ್ಟ ಪೂರ್ತಿ ಬಿದ್ದದ್ದು ಜಗಳದಲ್ಲಿ ಇಲ್ಲದಿದ್ದ ಮೂರನೆಯವರ ತಲೆಗೆ.

ಮಾಲೀಕರೇ ಬೀಗ ಹಾಕಿದಾಗ

ಸೋಲಾಪುರದ ಗಿರಣಿಗಳ ಕಾಲ ಕಂಡವರಿಗೆ ಲಾಕೌಟ್ ಎಂಬ ಮಾತು ಹೊಸದಲ್ಲ. ಕಾರ್ಮಿಕರು ಕೆಲಸ ನಿಲ್ಲಿಸಿದರೆ ಮುಷ್ಕರ, ಮಾಲೀಕರೇ ಬಾಗಿಲು ಹಾಕಿದರೆ ಲಾಕೌಟ್. ಹಾಕಿಯಲ್ಲೂ ಹೀಗೇ ಆಯಿತು. ಒಬ್ಬೊಬ್ಬ ಆಟಗಾರನ ಹಟ ಒಂದು ತಂಡಕ್ಕೆ ತೊಂದರೆ ಕೊಟ್ಟರೆ, ಮಾಲೀಕರೆಲ್ಲ ಸೇರಿ ಹಿಡಿದ ಹಟ ಆಟವನ್ನೇ ನಿಲ್ಲಿಸಿತು.

1994-95ರಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಬಾಗಿಲು ಮುಚ್ಚಿ, ಸೀಸನ್ 48 ಪಂದ್ಯಕ್ಕೆ ಇಳಿಯಿತು. 2004ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬೀಗ. ಆಟಗಾರರ ಒಟ್ಟು ಸಂಬಳಕ್ಕೆ ಮಿತಿ ಬೇಕು ಎಂದರು ಮಾಲೀಕರು. ಬೇಡ ಎಂದಿತು ಸಂಘ. 2005ರ ಫೆಬ್ರುವರಿ 16ರಂದು ಕಮಿಷನರ್ ಗ್ಯಾರಿ ಬೆಟ್‌ಮನ್ ಇಡೀ ಸೀಸನ್ ರದ್ದು ಎಂದು ಘೋಷಿಸಿದರು. 1919ರಲ್ಲಿ ಇನ್‌ಫ್ಲುಯೆಂಜಾ ಪಿಡುಗಿನಿಂದ ಫೈನಲ್ ನಿಂತದ್ದು ಬಿಟ್ಟರೆ, ಸ್ಟಾನ್ಲಿ ಕಪ್ ಯಾರಿಗೂ ಸಿಗದೆ ಉಳಿದದ್ದು ಆ ವರ್ಷವೇ.

ಕೊನೆಗೆ ಸೋತವರು ಆಟಗಾರರು. ಚಾಲ್ತಿಯಲ್ಲಿದ್ದ ಕರಾರುಗಳ ಸಂಬಳದಲ್ಲಿ ಶೇ. 24 ಕಡಿತ ಒಪ್ಪಿಕೊಂಡರು. ಒಂದು ತಂಡ ವರ್ಷಕ್ಕೆ 3 ಕೋಟಿ 90 ಲಕ್ಷ ಡಾಲರಿಗಿಂತ ಹೆಚ್ಚು ಸಂಬಳ ಕೊಡುವಂತಿಲ್ಲ ಎಂಬ ಮಿತಿ ಬಂತು. 2012ರಲ್ಲಿ ಮೂರನೇ ಲಾಕೌಟ್. ಆಗ ಆದಾಯದಲ್ಲಿ ಆಟಗಾರರ ಪಾಲು ಶೇ. 57ರಿಂದ ಶೇ. 50ಕ್ಕೆ ಇಳಿಯಿತು. ತಾರೆಗಳು ಆ ತಿಂಗಳುಗಳಲ್ಲಿ ರಷ್ಯಾ, ಸ್ವೀಡನ್‌ಗೆ ಹೋಗಿ ಆಡಿ ಸಂಬಳ ತಂದರು. ಕ್ರೀಡಾಂಗಣದಲ್ಲಿ ಟಿಕೆಟ್ ಹರಿಯುವವರು, ತಿಂಡಿ ಮಾರುವವರು, ಗುಡಿಸುವವರು ಎಲ್ಲಿಗೆ ಹೋಗಬೇಕು?

ಒಂದು ಸಮಾಧಾನವೆಂದರೆ, 2025ರಲ್ಲಿ ಎರಡೂ ಕಡೆಯವರು ಹಳೆಯ ಒಪ್ಪಂದ ಮುಗಿಯುವುದಕ್ಕೆ ವರ್ಷ ಮೊದಲೇ ಕೂತು ಮಾತಾಡಿ, 2026ರ ಸೆಪ್ಟೆಂಬರ್‌ನಿಂದ 2030ರವರೆಗಿನ ಹೊಸ ಒಪ್ಪಂದಕ್ಕೆ ಬಂದರು. ಬೀಗ ಹಾಕುವ ಪ್ರಸಂಗ ಬರಲಿಲ್ಲ. ತಂಡದ ಸಂಬಳ ಮಿತಿಯೂ 2025-26ಕ್ಕೆ 9 ಕೋಟಿ 55 ಲಕ್ಷ ಡಾಲರಿಗೆ ಏರಿತು.

ಡಿಸೆಂಬರ್ 1, ಸಂಜೆ 5 ಗಂಟೆ

ಈಗಿನ ನಿಯಮ ಸ್ಥೂಲವಾಗಿ ಹೀಗಿದೆ. ಹದಿನೆಂಟು, ಇಪ್ಪತ್ತು ವಯಸ್ಸಿಗೆ ಬರುವ ಹುಡುಗನಿಗೆ ಮೊದಲ ಮೂರು ವರ್ಷ ಮಿತಿ ಹಾಕಿದ ಸಂಬಳ. ಅದು ಮುಗಿದ ಮೇಲೂ ಅವನು ಅರ್ಧ ಸ್ವತಂತ್ರ ಮಾತ್ರ. ಬೇರೆ ತಂಡ ಅವನಿಗೆ ದರ ಹೇಳಬಹುದು, ಆದರೆ ಅಷ್ಟೇ ದರ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಹಳೆಯ ತಂಡಕ್ಕಿದೆ. ಪೂರ್ತಿ ಬಿಡುಗಡೆ ಸಾಮಾನ್ಯವಾಗಿ 27ನೇ ವಯಸ್ಸಿಗೆ, ಇಲ್ಲವೇ ಏಳು ಸೀಸನ್ ಆಡಿದ ಮೇಲೆ. ಇನ್ನೊಂದು ಕಟ್ಟಳೆ: ಈ ಅರ್ಧ ಸ್ವತಂತ್ರ ಆಟಗಾರ ಡಿಸೆಂಬರ್ 1ರ ಸಂಜೆ 5 ಗಂಟೆಯೊಳಗೆ ಸಹಿ ಹಾಕದಿದ್ದರೆ ಆ ಸೀಸನ್‌ನಲ್ಲಿ ಎನ್‌ಎಚ್‌ಎಲ್‌ನಲ್ಲಿ ಆಡುವಂತೆಯೇ ಇಲ್ಲ.

2018ರಲ್ಲಿ ಟೊರೊಂಟೊ ತಂಡದ ವಿಲಿಯಂ ನೈಲಾಂಡರ್ ಈ ಗಡುವನ್ನೇ ಹಿಡಿದು ಕೂತರು. ಹಿಂದಿನ ಎರಡು ಸೀಸನ್‌ನಲ್ಲಿ ತಲಾ 61 ಅಂಕ ಗಳಿಸಿದ್ದ ಹುಡುಗ. ತಂಡ ಅದೇ ಬೇಸಿಗೆಯಲ್ಲಿ ಜಾನ್ ಟವಾರೆಸ್‌ಗೆ ಏಳು ವರ್ಷಕ್ಕೆ 7 ಕೋಟಿ 70 ಲಕ್ಷ ಕೊಟ್ಟಿತ್ತು. ಇನ್ನೂ ಇಬ್ಬರು ಯುವ ತಾರೆಗಳ ಕರಾರು ಮುಂದಿನ ವರ್ಷಕ್ಕೆ ಕಾದಿತ್ತು. ಒಟ್ಟು ಮಿತಿಯ ಡಬ್ಬಿ ಒಂದೇ. ಇವರಿಗೆ ಹೆಚ್ಚು ಕೊಟ್ಟರೆ ಅವರಿಗೆ ಕಡಿಮೆಯಾಗುತ್ತದೆ. ಸಂಬಳ ಮಿತಿ ಬಂದ ಮೇಲೆ ಆದ ದೊಡ್ಡ ಬದಲಾವಣೆ ಇದೇ. ಮೊದಲು ಜಗಳ ಮಾಲೀಕನ ಜೇಬಿನ ಜೊತೆ ಇತ್ತು. ಈಗ ಸಹ ಆಟಗಾರನ ತಟ್ಟೆಯ ಜೊತೆಯೂ ಹೌದು.

ಗಡುವಿಗೆ ಕೆಲವೇ ನಿಮಿಷ ಇರುವಾಗ ಸಹಿ ಬಿತ್ತು. ಆರು ವರ್ಷ, ಸುಮಾರು 4 ಕೋಟಿ 50 ಲಕ್ಷ ಡಾಲರ್. ಆದರೆ 28 ಪಂದ್ಯ ಕಳೆದುಹೋಗಿದ್ದವು. ತಡವಾಗಿ ಬಂದ ನೈಲಾಂಡರ್ ಉಳಿದ 54 ಪಂದ್ಯಗಳಲ್ಲಿ ಹೊಡೆದದ್ದು ಏಳೇ ಗೋಲು. ಊರವರ ಬೈಗುಳ ಕೇಳಬೇಕಾಯಿತು. ನಿಧಾನಕ್ಕೆ ಆಟ ಮರಳಿತು. 2024ರ ಜನವರಿಯಲ್ಲಿ ಅದೇ ತಂಡ ಎಂಟು ವರ್ಷಕ್ಕೆ 9 ಕೋಟಿ 20 ಲಕ್ಷ ಡಾಲರಿನ ಕರಾರು ಬರೆದುಕೊಟ್ಟಿತು.

ಜಿಪುಣತನ ತಂಡಕ್ಕೇ ತಿರುಗಿ ಬಡಿದ ಉದಾಹರಣೆಯೂ ಇದೆ. 2013ರ ಜನವರಿಯಲ್ಲಿ ಮಾಂಟ್ರಿಯಲ್‌ನ ಪಿ.ಕೆ. ಸುಬಾನ್ ದೊಡ್ಡ ಕರಾರು ಕೇಳಿದರು. ಮೊದಲು ಆಡಿ ತೋರಿಸು ಎಂದ ತಂಡ ಎರಡು ವರ್ಷಕ್ಕೆ 57 ಲಕ್ಷ 50 ಸಾವಿರಕ್ಕೆ ಒಪ್ಪಿಸಿತು. ಸುಬಾನ್ ಆಡಿ ತೋರಿಸಿದರು. ಅದೇ ಸೀಸನ್‌ನಲ್ಲಿ ಅತ್ಯುತ್ತಮ ರಕ್ಷಣಾ ಆಟಗಾರನ ನಾರಿಸ್ ಟ್ರೋಫಿ ಗೆದ್ದರು. 2014ರಲ್ಲಿ ತಂಡ ಎಂಟು ವರ್ಷಕ್ಕೆ 7 ಕೋಟಿ 20 ಲಕ್ಷ ಡಾಲರ್ ಕೊಡಬೇಕಾಯಿತು.

ಎತ್ತಿನ ಕುಂದು ಎಣಿಸಿದ ಹಾಗೆ

ಜಗಳ ಬಿಡಿಸಲು ಮಧ್ಯಸ್ಥಿಕೆಯ ದಾರಿ ಇದೆ. ಅರ್ಹ ಆಟಗಾರ ಕೇಳಿದರೆ ಸ್ವತಂತ್ರ ಮಧ್ಯಸ್ಥಗಾರರು ಎರಡೂ ಕಡೆಯ ವಾದ ಕೇಳಿ ಸಂಬಳ ಗೊತ್ತುಮಾಡುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿ ತಂಡದ ಕೆಲಸ ತನ್ನದೇ ಆಟಗಾರನ ಕುಂದುಗಳನ್ನು ಅವನ ಎದುರಿಗೇ ಎತ್ತಿ ಹೇಳುವುದು. ದನದ ಸಂತೆಯಲ್ಲಿ ದರ ಇಳಿಸಲು ಎತ್ತಿನ ಹಲ್ಲು, ಸುಳಿ, ಕಾಲು ನೋಡಿ ಕೊರತೆ ಎಣಿಸಿದ ಹಾಗೆ. 1990ರ ದಶಕದಲ್ಲಿ ಟಾಮಿ ಸಾಲೋ ಎಂಬ ಗೋಲಿ ಇಂಥ ವಿಚಾರಣೆಯಲ್ಲಿ ತನ್ನ ತಂಡದವರ ಮಾತು ಕೇಳಿ ಕಣ್ಣೀರಿಟ್ಟ ಕಥೆಯನ್ನು ಹಾಕಿ ಲೋಕ ಇಂದಿಗೂ ಹೇಳುತ್ತದೆ.

ಬಾಸ್ಟನ್ ತಂಡದ ಗೋಲಿ ಜೆರೆಮಿ ಸ್ವೇಮನ್ 2023ರಲ್ಲಿ ಈ ದಾರಿಯಲ್ಲಿ ಹೋಗಿ ಒಂದು ವರ್ಷಕ್ಕೆ 34 ಲಕ್ಷ 75 ಸಾವಿರ ಡಾಲರ್ ಪಡೆದರು. ಆ ಕಹಿ ಅವರಿಗೆ ಮರೆಯಲಿಲ್ಲ. 2024ರಲ್ಲಿ ಮಧ್ಯಸ್ಥಿಕೆಗೆ ಹೋಗದೆ, ತರಬೇತಿ ಶಿಬಿರಕ್ಕೂ ಬರದೆ ಕೂತರು. ತಂಡದ ಅಧ್ಯಕ್ಷ ಕ್ಯಾಮ್ ನೀಲಿ ಪತ್ರಕರ್ತರ ಮುಂದೆಯೇ 6 ಕೋಟಿ 40 ಲಕ್ಷ ಡಾಲರಿನ ಮಾತೆತ್ತಿ ಚುಚ್ಚಿದರು. ಸೀಸನ್ ಶುರುವಾಗಲು ಎರಡೇ ದಿನ ಇರುವಾಗ ಎಂಟು ವರ್ಷಕ್ಕೆ 6 ಕೋಟಿ 60 ಲಕ್ಷಕ್ಕೆ ಸಹಿಯಾಯಿತು. ಆ ಸೀಸನ್‌ನಲ್ಲಿ ಸ್ವೇಮನ್ ಆಟ ಹಿಂದಿನಂತೆ ಇರಲಿಲ್ಲ. ಶಿಬಿರ ತಪ್ಪಿದ್ದಕ್ಕೆ ಬೆಲೆ ತೆರಬೇಕಾಯಿತು ಎಂದವರು ಹಲವರು.

ಹೆಣ್ಣುಮಕ್ಕಳು ಗೆದ್ದ ಬಗೆ

ಹಟದಲ್ಲಿ ಎಲ್ಲರಿಗಿಂತ ಚೊಕ್ಕವಾಗಿ ಗೆದ್ದವರು ಮಾತ್ರ ಕೋಟಿ ಸಂಬಳದ ಗಂಡಸರಲ್ಲ. ಅಮೆರಿಕದ ಮಹಿಳಾ ತಂಡದವರು. ಅವರಿಗೆ ಅಲ್ಲಿನ ಹಾಕಿ ಸಂಸ್ಥೆ ಕೊಡುತ್ತಿದ್ದದ್ದು ನಾಲ್ಕು ವರ್ಷಕ್ಕೊಮ್ಮೆ, ಒಲಿಂಪಿಕ್ಸ್‌ಗೆ ಮೊದಲಿನ ಆರು ತಿಂಗಳು, ತಿಂಗಳಿಗೆ 1,000 ಡಾಲರ್. ಉಳಿದ ದಿನ ಬೇರೆ ಕೆಲಸ ಮಾಡಿ ಹೊಟ್ಟೆ ಹೊರೆಯಬೇಕು.

2017ರ ಮಾರ್ಚ್ 15ರಂದು ನಾಯಕಿ ಮೇಗನ್ ದುಗ್ಗನ್ ಮತ್ತು ಸಂಗಡಿಗರು, ಸರಿಯಾದ ಸಂಬಳ ಕೊಡದಿದ್ದರೆ ಮಾರ್ಚ್ 31ಕ್ಕೆ ತಮ್ಮದೇ ದೇಶದಲ್ಲಿ ಶುರುವಾಗುವ ವಿಶ್ವ ಚಾಂಪಿಯನ್‌ಷಿಪ್ ಆಡುವುದಿಲ್ಲ ಎಂದರು. ಸಂಸ್ಥೆ ಬದಲಿ ಆಟಗಾರ್ತಿಯರನ್ನು ಹುಡುಕಿತು. ಕಾಲೇಜಿನ, ಹೈಸ್ಕೂಲಿನ ಹುಡುಗಿಯರನ್ನೂ ಕೇಳಿತು. ದೇಶದ ಅಂಗಿ ತೊಡುವುದು ಆ ಹುಡುಗಿಯರ ಕನಸು. ಆದರೂ ಒಬ್ಬೊಬ್ಬರಾಗಿ ಒಲ್ಲೆ ಎಂದರು. ಮಾರ್ಚ್ 28ಕ್ಕೆ ನಾಲ್ಕು ವರ್ಷದ ಒಪ್ಪಂದ ಆಯಿತು. ಅವರು ಆಡಿದರು, ಫೈನಲ್‌ನಲ್ಲಿ ಕೆನಡಾವನ್ನು 3-2ರಲ್ಲಿ ಸೋಲಿಸಿ ಚಿನ್ನ ಗೆದ್ದರು. 2018ರ ಒಲಿಂಪಿಕ್ಸ್ ಚಿನ್ನವೂ ಅವರದೇ ಆಯಿತು.

1925ರ ಹ್ಯಾಮಿಲ್ಟನ್‌ಗೂ ಇದಕ್ಕೂ ವ್ಯತ್ಯಾಸ ಏನು? ಎರಡೂ ಕಡೆ ಇಡೀ ತಂಡ ಒಟ್ಟಿಗಿತ್ತು. ಆದರೆ 2017ರಲ್ಲಿ ತಂಡದ ಹೊರಗಿದ್ದವರೂ, ಇನ್ನೂ ಅವಕಾಶವನ್ನೇ ಕಾಣದವರೂ ಜೊತೆ ನಿಂತರು. 'ನಿನಗೆ ಬೇಡವಾದರೆ ಇನ್ನೊಬ್ಬ ಇದ್ದಾನೆ' ಎಂಬ ಮಾತು ಅಲ್ಲಿಗೆ ಸತ್ತಿತು.

ನಮ್ಮ ಬಯಲಿನಲ್ಲೂ

ನಮ್ಮ ಹಾಕಿಯಲ್ಲಿ ಇಂಥದ್ದು ಆಗಿಲ್ಲವೇ? ಆಗಿದೆ. 2010ರ ಜನವರಿಯಲ್ಲಿ, ದೆಹಲಿಯ ವಿಶ್ವಕಪ್‌ಗೆ ಎರಡು ತಿಂಗಳೂ ಇಲ್ಲದಿರುವಾಗ, ಪುಣೆಯ ಬಾಲೇವಾಡಿ ಶಿಬಿರದಲ್ಲಿದ್ದ ಭಾರತದ ಆಟಗಾರರು ಬಾಕಿ ಹಣ ಕೊಡುವ ತನಕ ಅಭ್ಯಾಸ ಮಾಡುವುದಿಲ್ಲ ಎಂದು ಕೂತರು. ನಾಯಕ ರಾಜ್‌ಪಾಲ್ ಸಿಂಗ್. ತಲೆಗೆ 25,000 ರೂಪಾಯಿ ಕೊಡುತ್ತೇವೆ ಎಂದ ಹಾಕಿ ಇಂಡಿಯಾದ ಮಾತನ್ನು ಅವರು ಒಪ್ಪಲಿಲ್ಲ. ಕ್ರಿಕೆಟಿಗರ ಕೋಟಿಗಳ ಪಕ್ಕದಲ್ಲಿ ಈ ಮೊತ್ತ ಕೇಳಿ ದೇಶವೇ ನಾಚಿಕೊಂಡಿತು. ಕೆಲವೇ ದಿನಗಳಲ್ಲಿ ರಾಜಿಯಾಗಿ ಆಟಗಾರರು ಮೈದಾನಕ್ಕೆ ಇಳಿದರು. ಫೆಬ್ರುವರಿ 28ರ ಮೊದಲ ಪಂದ್ಯದಲ್ಲೇ ಪಾಕಿಸ್ತಾನವನ್ನು 4-1ರಿಂದ ಸೋಲಿಸಿದ ಆ ತಂಡದಲ್ಲಿ ಕೊಡಗಿನ ಅರ್ಜುನ್ ಹಾಲಪ್ಪ ಕೂಡ ಇದ್ದರು.

ಇಲ್ಲಿ ಕರಾರಿನ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಹೇಳಿಕೊಳ್ಳುವಂಥ ಕರಾರೇ ಇರಲಿಲ್ಲ. ಅಲ್ಲಿನ ಆಟಗಾರನಿಗೆ ನಿಯಮದ ಪುಸ್ತಕ, ಸಂಘ, ಮಧ್ಯಸ್ಥಗಾರ ಎಲ್ಲ ಇದ್ದಾರೆ. ನಮ್ಮವರಿಗೆ ಇದ್ದದ್ದು ವಿಶ್ವಕಪ್ ಹತ್ತಿರ ಬಂದಿದೆ ಎಂಬ ಒಂದೇ ಬಲ.

ಬೈಯುವ ಮೊದಲು

ಐಸ್ ಹಾಕಿ ಆಟಗಾರನ ದುಡಿಮೆಯ ಕಾಲ ಬಹಳ ಚಿಕ್ಕದು. ಹಲ್ಲು ಉದುರುತ್ತದೆ, ಮಂಡಿ ಹೋಗುತ್ತದೆ, ತಲೆಗೆ ಪೆಟ್ಟು ಬೀಳುತ್ತದೆ. ಮೂವತ್ತೈದಕ್ಕೆ ಹೆಚ್ಚಿನವರ ಆಟ ಮುಗಿದಿರುತ್ತದೆ. ಹೊಲ, ನೌಕರಿಯಂತೆ ಅರವತ್ತರವರೆಗೆ ದುಡಿಯುವ ಭರವಸೆ ಇಲ್ಲ. ಗಟ್ಟಿಯಾಗಿರುವಾಗಲೇ ಬೆಲೆ ಕೇಳಬೇಕು. ಅದೇ ವೇಳೆ, ಟಿಕೆಟ್ ಕೊಂಡವನಿಗೂ ಸಿಟ್ಟು ಬರುವುದು ಸಹಜ. ಅವನ ದುಡ್ಡೇ ಅಲ್ಲವೇ ಇಷ್ಟಕ್ಕೂ ಮೂಲ?

ಹಾಗಾಗಿ ಇನ್ನೊಮ್ಮೆ ಯಾವುದಾದರೂ ಆಟದಲ್ಲಿ ಯಾರಾದರೂ ಹೀಗೆ ಹಟ ಹಿಡಿದ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ ನೋಡಿ. ಆತ ಸಹಿ ಹಾಕಿದ ಕರಾರು ಮುರಿಯುತ್ತಿದ್ದಾನೆಯೇ, ಇಲ್ಲ ಕರಾರು ಮುಗಿದು ಹೊಸದಕ್ಕೆ ಕೇಳುತ್ತಿದ್ದಾನೆಯೇ? ಬೇರೆ ಕಡೆ ಹೋಗುವ ದಾರಿ ಅವನಿಗೆ ಇದೆಯೇ? ಪಕ್ಕದವನಿಗೆ ಎಷ್ಟು ಕೊಡುತ್ತಿದ್ದಾರೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಯಾರದು ದುರಾಸೆ, ಯಾರದು ನ್ಯಾಯ ಎಂಬುದು ಬಹುಮಟ್ಟಿಗೆ ತಿಳಿದುಹೋಗುತ್ತದೆ. ಕಬ್ಬಿನ ಗದ್ದೆಯಾಗಲಿ, ಗಾರೆ ಕೆಲಸವಾಗಲಿ, ಕೂಲಿಯ ಮಾತು ಬಂದಾಗಲೂ ಕೇಳಬೇಕಾದದ್ದು ಇವೇ ಮೂರು.